ಡಾಕ್ಟರ ಮುಂದೆ ನಗುಮುಖ

ನನಗೆ ಹುಟ್ಟಿನಿಂದಲೂ ಅನುಮಾನ ಜಾಸ್ತಿ. ಹಾಲಿಗೆ ನೀರು ಬೆರೆಸಿದ್ದಾರೆ ಎಂದುಕೊಂಡೇ ಲೋಟ ಎತ್ತುವವಳು ನಾನು. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಆ ಗುಣ ಎರಡರಷ್ಟಾಯಿತು. ಕಾಯಂ ವಾಸದ ವೀಸಾ, ನಮ್ಮವರ ಬಾಯಲ್ಲಿ ಪಿಆರ್, ಕೈಗೆ ಸಿಗುವವರೆಗೆ ಯಾರಿಗೆ ಏನು ಹೇಳಿದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ!

ಈಗ ನಾವು ಅಡಿಲೇಡಿನ ಮಾಡ್ಬರಿಯಲ್ಲಿದ್ದೇವೆ. ಆಗ ಬ್ರಿಸ್ಬೇನಿನಲ್ಲಿದ್ದೆವು. ಮಗಳಿಗೆ ಎರಡು ತುಂಬಿತ್ತು. ಮತ್ತೆ ಬಸುರಿ ಎಂದು ಗೊತ್ತಾದಾಗ ನನಗೆ ಆದದ್ದು ಸಂತೋಷವಲ್ಲ, ಭಯ. ಬೇಡ ಎಂದೆ. ಗಂಡ ವಾದ ಮಾಡಲಿಲ್ಲ. "ಸರಿ ಬಿಡು, ಈಗ್ಲೇ ಎರಡನೇದು ಕಷ್ಟ. ಪಿಆರ್ ಬರ್ಲಿ," ಎಂದರು. ಅವರು ಅರ್ಥ ಮಾಡಿಕೊಂಡದ್ದು ಅಷ್ಟೇ. ನಾನೂ ಅಷ್ಟಕ್ಕೇ ಬಿಟ್ಟೆ.

ಮೈಸೂರಿನಲ್ಲಾಗಿದ್ದರೆ ನರ್ಸಿಂಗ್ ಹೋಮಿಗೆ ಹೋಗಿ ಬರುವ ಸಂಗತಿ. ಕ್ವೀನ್ಸ್‌ಲ್ಯಾಂಡಿನಲ್ಲಿ ಆಗಿನ್ನೂ ಗರ್ಭಪಾತ ಅಪರಾಧಗಳ ಪಟ್ಟಿಯಲ್ಲಿತ್ತು. "ಆದ್ರೂ ಮಾಡ್ತಾರೆ ಕಣೆ, ಯಾವ್ದೋ ಜಡ್ಜ್ ತೀರ್ಪು ಇದೆಯಂತೆ," ಎಂದಳು ಆಫೀಸಿನ ಗೆಳತಿ. ಅಪರಾಧವೂ ಹೌದು, ಮಾಡುವುದೂ ಹೌದು, ಇದೆಂಥ ನ್ಯಾಯ? ಒಬ್ಬ ಜಡ್ಜ್ ಕೊಟ್ಟದ್ದನ್ನು ನಾಳೆ ಇನ್ನೊಬ್ಬ ಕಿತ್ತುಕೊಂಡರೆ ಸಿಕ್ಕಿಬೀಳುವವಳು ನಾನು, ಪಿಆರ್ ಅರ್ಜಿ ಸಮೇತ.

ಡಾಕ್ಟರನ್ನು ಕಾಣುವ ಹಿಂದಿನ ಸಂಜೆ ಗಂಡ ನನ್ನನ್ನು ಸೋಫಾದಲ್ಲಿ ಕೂರಿಸಿ ತಯಾರಿ ಮಾಡಿಸಿದರು. ವೀಸಾದ ಆರೋಗ್ಯ ತಪಾಸಣೆಗೆ ಮೊದಲೂ ಹೀಗೇ ಮಾಡಿಸಿದ್ದರು.

"ನಿದ್ದೆ ಬರುತ್ತಾ?"

"ಚೆನ್ನಾಗಿ ಬರುತ್ತೆ."

"ಟೆನ್ಷನ್ನು?"

"ಏನೂ ಇಲ್ಲ."

"ನಗ್ತಾ ಹೇಳೇ. ಕೇಳಿದ್ದಕ್ಕಷ್ಟೇ ಉತ್ತರ. ಡಿಪ್ರೆಷನ್ನು ಗಿಪ್ರೆಷನ್ನು ಅಂತ ಒಂದ್ಸಲ ರೆಕಾರ್ಡಿಗೆ ಹೋಯ್ತೋ, ನಮ್ಮ ಫೈಲು ಅಲ್ಲೇ ಕೂತ್ಬಿಡುತ್ತೆ."

ಮರುದಿನ ಡಾಕ್ಟರು ಕೇಳಿದ್ದಕ್ಕೆಲ್ಲ ನಗುನಗುತ್ತ ಉತ್ತರಿಸಿದೆ. ನಿದ್ದೆ, ಊಟ, ಮನಸ್ಸು, ಮನೆ, ಎಲ್ಲ ಫಸ್ಟ್ ಕ್ಲಾಸ್. ಪಕ್ಕದಲ್ಲಿ ಗಂಡ ತಲೆಯಾಡಿಸುತ್ತಿದ್ದರು. ಡಾಕ್ಟರು ನಡುವಯಸ್ಸಿನ ಹೆಂಗಸು. ಪೆನ್ನು ಕೆಳಗಿಟ್ಟು, "ಹಾಗಾದರೆ ನಾನು ನಿಮಗೆ ಸಹಾಯ ಮಾಡಲಾರೆ," ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ, ಇಲ್ಲೂ ಅದೇ ಕತೆ ಎಂದುಕೊಂಡೆ.

ಆಕೆ ಬಿಡಿಸಿ ಹೇಳಿದರು. ಕಾನೂನು ಹಳೆಯದು, ಅದನ್ನು ಯಾರೂ ತೆಗೆದುಹಾಕಿಲ್ಲ. ಆದರೆ ಬಹಳ ಹಿಂದೆ ಈ ರಾಜ್ಯದ ಜಡ್ಜ್ ಒಬ್ಬರು, ಬಸಿರು ಮುಂದುವರಿದರೆ ಹೆಂಗಸಿನ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದೆ ಎಂದು ಪ್ರಾಮಾಣಿಕವಾಗಿ ನಂಬಿ ಮಾಡಿದ ಡಾಕ್ಟರು ಅಪರಾಧಿಯಲ್ಲ ಎಂದಿದ್ದಾರೆ. ಇಲ್ಲಿನ ಡಾಕ್ಟರುಗಳೆಲ್ಲ ಕೆಲಸ ಮಾಡುವುದು ಆ ಮಾತಿನ ಆಸರೆಯಲ್ಲೇ. "ಅದಕ್ಕೇ ಕೇಳುತ್ತಿದ್ದೇನೆ. ಮೊದಲ ಹೆರಿಗೆ ಆದ ಮೇಲೆ ನೀವು ಹೇಗಿದ್ದಿರಿ?"

ಬಲೆ ಬೀಸುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಮೇಜಿನ ಮೇಲಿನ ಕಂಪ್ಯೂಟರ್ ಕಡೆ ನೋಡಿದೆ. ನಾನು ಬಾಯಿ ಬಿಟ್ಟರೆ ಅದು ನೇರ ಇಮಿಗ್ರೇಷನ್ನಿನವರಿಗೇ ಹೋಗುತ್ತದೆ. ಗಂಡ ಮೊಣಕೈ ತಾಗಿಸಿ, "ಚೆನ್ನಾಗಿದ್ದೆ ಅನ್ನು," ಎಂದು ಕನ್ನಡದಲ್ಲಿ ಪಿಸುಗುಟ್ಟಿದರು. ಪಾಪ, ಅವರಿಗೇನು ಗೊತ್ತು? ಆಗ ಅವರಿದ್ದದ್ದು ಪರ್ತ್‌ನಲ್ಲಿ. ಅಲ್ಲಿನ ಸದರ್ನ್ ರಿವರ್ ಬಡಾವಣೆಯಲ್ಲಿ ಇನ್ನಿಬ್ಬರ ಜೊತೆ ಬಾಡಿಗೆ ಮನೆ. ನಾನು ಮೈಸೂರಿನಲ್ಲಿ ಬಾಣಂತಿ.

ಚೆನ್ನಾಗಿದ್ದೆ ಎಂದು ಎದ್ದು ಬಂದರೆ ಪಿಆರ್ ಉಳಿಯುತ್ತಿತ್ತು, ನಾನು ಉಳಿಯುತ್ತಿರಲಿಲ್ಲ. ಅದರಲ್ಲಿ ಮಾತ್ರ ನನಗೆ ಅನುಮಾನವಿರಲಿಲ್ಲ.

ಹೇಳಿಬಿಟ್ಟೆ. ಮಗು ಅತ್ತರೆ ದಿಂಬಿನಲ್ಲಿ ಕಿವಿ ಮುಚ್ಚಿಕೊಳ್ಳುತ್ತಿದ್ದದ್ದು. "ಬಾಣಂತಿ ಸನ್ನಿ ಇದು, ಅಳಿಯಂದ್ರ ಕಿವಿಗೆ ಬೀಳ್ಬಾರ್ದು," ಎಂದು ಅಮ್ಮ ಬಾಯಿ ಕಟ್ಟಿದ್ದು. ಒಂದು ಮಧ್ಯಾಹ್ನ ಮಗುವನ್ನು ಎತ್ತಿಕೊಂಡು ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು, ಇಬ್ಬರೂ ಬಿದ್ದರೆ ಮುಗಿಯಿತಲ್ಲ ಎಂದುಕೊಂಡದ್ದು. ಗಂಡನ ಮೊಣಕೈ ಮೆಲ್ಲಗೆ ಹಿಂದಕ್ಕೆ ಸರಿಯಿತು. ನಾನು ಆ ಕಡೆ ನೋಡಲಿಲ್ಲ.

ಡಾಕ್ಟರು ಬರೆದುಕೊಂಡರು, ಕ್ಲಿನಿಕ್ಕಿಗೆ ಚೀಟಿ ಕೊಟ್ಟರು. ನಿರಾಳವಾಯಿತು, ನಿಜ. ಸಿಟ್ಟೂ ಬಂತು. ಹುಣ್ಣು ಬಿಚ್ಚಿ ತೋರಿಸಿದವಳಿಗಷ್ಟೇ ಸಿಗುವ ರಕ್ಷಣೆ ಎಂಥ ರಕ್ಷಣೆ ಎಂದು ಆಗಲೂ ಅನ್ನಿಸಿತ್ತು, ಆ ಕಾನೂನು ರದ್ದಾದಾಗಲೂ ಅನ್ನಿಸಿತು. ಪಿಆರ್ ಬರುವವರೆಗೂ ಪ್ರತಿ ಇಮೇಲ್ ತೆರೆಯುವ ಮೊದಲು ಕಳಿಸಿದವರ ಹೆಸರನ್ನು ಎರಡೆರಡು ಸಲ ಓದುತ್ತಿದ್ದೆ.

ಆ ದಿನ ಕಾರಿನಲ್ಲಿ ಕೂತ ಮೇಲೆ ಗಂಡ ಕೀಲಿ ತಿರುಗಿಸಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ ಕಣೇ?"

ತಡೆಯಲಾಗಲಿಲ್ಲ ನನಗೆ. "ನೀವು ಯಾವತ್ತಾದ್ರೂ ಕೇಳಿದ್ರಾ? ದಿನಾ ಫೋನ್ ಮಾಡಿ ಮಗು ಹೇಗಿದೆ, ಮಗು ಹೇಗಿದೆ ಅಂತಿದ್ರಿ. ನಾನು ಹೇಗಿದ್ದೆ ಅಂತ ಕೇಳ್ಸೋಕೆ, ನನ್ನ ಮುಖಾನೇ ನೋಡದ ಯಾವ್ದೋ ಜಡ್ಜ್ ಬೇಕಾಯ್ತು ಕಣ್ರೀ."