ನಡುಗುವ ಕೈಯ ಹೊಲಿಗೆ

ಮೊದಲ ಸಲ ನನ್ನ ದಾರ-ಗುಂಡಿಯ ಅಂಗಡಿಗೆ ಬಂದಾಗಲೇ ಆಕೆಯನ್ನು ಕಣ್ಣಲ್ಲಿ ತೂಗಿ ನೋಡಿದೆ. ನಲವತ್ತು ದಾಟಿದ ವಯಸ್ಸು, ಎರಡು ಸಲ ಹೊಲಿಸಿದ ಚಪ್ಪಲಿ, ಚೌಕಾಸಿ ಬಾರದ ಬಾಯಿ, ದಾರದ ರೀಲು ಹಿಡಿದರೆ ಬೀಳಿಸುವಷ್ಟು ನಡುಗುವ ಕೈ. ಇಂಥ ಗಿರಾಕಿಯನ್ನು ವ್ಯಾಪಾರಿ ದಿನವೂ ಬೇಡಿಕೊಳ್ಳಬೇಕು. ಆದರೆ ಆಕೆ ಕೇಳಿದ್ದು ನನ್ನ ಹಿಂದಿನ ಕೋಣೆಯನ್ನು.

"ಭಾನುವಾರ ಎರಡು ಗಂಟೆ ಹೊತ್ತು ಅಷ್ಟೇ ಅಣ್ಣ. ಮಕ್ಕಳಿಗೆ ಬಟ್ಟೆ ಮೇಲೆ ಚಿತ್ರ ಹೊಲಿಯೋದು ಹೇಳಿಕೊಡ್ತೀನಿ. ಜೊತೆಗೆ ಅವರ ಹಕ್ಕುಗಳನ್ನೂ."

"ಹಕ್ಕು ಹೇಳಿಕೊಡೋಕೆ ಗಂಟಲು ಬೇಕಲ್ವಾ ಟೀಚರಮ್ಮ? ನಿಮ್ಮ ಮಾತು ಎದುರಿಗಿರೋ ನನಗೇ ಕೇಳಿಸ್ತಿಲ್ಲ."

"ಅದಕ್ಕೇ ಸೂಜಿ ತಂದಿದ್ದೀನಿ" ಎಂದರು.

ಕೋಣೆ ಕೊಟ್ಟೆ. ಬಾಗಿಲು ಸದ್ದಾದರೆ ಬೆಚ್ಚುವ, ಜೀಪು ಕಂಡರೆ ಪಾಠ ನಿಲ್ಲಿಸುವ ಆಕೆಗೆ ನಮ್ಮ ಬೀದಿ ನಡುಗಮ್ಮ ಎಂದು ಹೆಸರಿಟ್ಟಿತು. ಆದರೂ ಹತ್ತು ಹನ್ನೆರಡು ಮಕ್ಕಳು ಸುತ್ತ ಕೂತು, ಹೇಳಲು ಭಯವಾದದ್ದನ್ನು ಬಟ್ಟೆಗೆ ಹೊಲಿಯುತ್ತಿದ್ದರು. ಸೊಟ್ಟಗಾದ ಹೊಲಿಗೆಯನ್ನು ಬಿಚ್ಚುವಂತಿಲ್ಲ ಎಂಬುದು ಆಕೆಯ ನಿಯಮ. "ಕೈ ನಡುಗಿದ್ದೂ ನಿಮ್ಮ ಮಾತೇ" ಎನ್ನುತ್ತಿದ್ದರು. ನನ್ನ ಲೆಕ್ಕದಲ್ಲಿ ಅದು ಶುದ್ಧ ರದ್ದಿ ಮಾಲು.

ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದ ನನ್ನ ತಂಗಿಯ ಮಗಳೂ ಅಲ್ಲಿ ಕೂರುತ್ತಿದ್ದಳು. ಹದಿನೆಂಟರ ಹುಡುಗಿ. ಅವಳು ಹೊಲಿದದ್ದು ಕಾರ್ಖಾನೆಯ ಹಿಂಬಾಗಿಲು, ಅದರ ಹೊರಗೆ ತಲೆಯಷ್ಟು ದೊಡ್ಡ ಬೀಗ.

"ನಾವೆಲ್ಲ ಒಳಗಿದ್ದಾಗ್ಲೇ ಬೀಗ ಹಾಕ್ತಾರೆ ಮಾವ. ಬೆಂಕಿ ಬಿದ್ರೆ?"

"ನಿನ್ನ ಬಾಯಿಗೊಂದು ಬೀಗ ಹಾಕ್ಕೋ ಮಾರಾಯ್ತಿ" ಎಂದೆ. ಹಿಂದಿನ ವರ್ಷ ದೂರು ಕೊಟ್ಟವಳೊಬ್ಬಳ ಬೆರಳನ್ನು ಕಾರ್ಖಾನೆಯವರು ಮುರಿದಿದ್ದರು. ಅದು ಬೀದಿಗೆಲ್ಲ ಗೊತ್ತಿತ್ತು, ಯಾರೂ ಆ ಮಾತು ಆಡುತ್ತಿರಲಿಲ್ಲ.

ಮಕ್ಕಳು ಹೊಲಿದ ಬಟ್ಟೆಗಳನ್ನು ಟೀಚರಮ್ಮ ಊರಿನ ಗ್ರಂಥಾಲಯದ ಗೋಡೆಗೆ ತೂಗುಹಾಕಿದರು. ಮುಂದಿನ ಭಾನುವಾರ ಕಾರ್ಖಾನೆಯ ಸೂಪರ್‌ವೈಸರ್ ಇಬ್ಬರು ದಾಂಡಿಗರೊಂದಿಗೆ ನೇರ ಹಿಂದಿನ ಕೋಣೆಗೇ ನುಗ್ಗಿದ. ಕೈಯಲ್ಲಿ ಬೀಗದ ಚಿತ್ರ.

"ಇದನ್ನ ಹೊಲಿದೋಳು ಯಾರು?"

ನಾನು ಬಾಗಿಲಲ್ಲಿ ನಿಂತಿದ್ದೆ. ನೂರಾರು ಕೆಲಸಗಾರರ ನಡುವೆ ನಮ್ಮ ಹುಡುಗಿಯ ಮುಖ ಆತನಿಗೆ ಗುರುತಿರಲಿಲ್ಲ. ತಂಗಿಯ ಮಗಳು ಏಳಲು ನೆಲಕ್ಕೆ ಕೈಯೂರಿದಳು. ಅವಳು ಏಳುವ ಮೊದಲೇ ಟೀಚರಮ್ಮ ಎದ್ದಿದ್ದರು.

"ನಾ... ನಾನೇ."

"ಬೀಗದ ವಿಷ್ಯ ನಿಂಗೆ ಯಾರು ಹೇಳಿದ್ರು?"

"ಹಿಂದಿನ ಓಣಿಯಲ್ಲಿ ಹೋದ್ರೆ ಕಾಣುತ್ತೆ."

"ಟೀಚರ್ ಹೊಲಿಗೆ ಇಷ್ಟು ಸೊಟ್ಟನಾ? ಎಲ್ಲಿ, ಹೊಲಿ ನೋಡೋಣ."

ದಾರ ಎರಡು ಸಲ ಸೂಜಿಯ ಕಣ್ಣು ತಪ್ಪಿತು. ಮೂರನೆಯದಕ್ಕೆ ತೂರಿತು. ಆಕೆ ಬೇರೊಂದು ಬಟ್ಟೆಗೆ ನಾಲ್ಕು ಹೊಲಿಗೆ ಹಾಕಿದರು. ಒಂದು ಉದ್ದ, ಒಂದು ಗಿಡ್ಡ, ಎರಡು ದಾರಿ ತಪ್ಪಿದವು. ಆತ ಎರಡೂ ಬಟ್ಟೆಗಳನ್ನು ನನ್ನ ಮೂಗಿಗೆ ಹಿಡಿದ.

"ದಾರ ಮಾರೋರು ನೀವು. ಒಂದೇ ಕೈನಾ?"

ಹೆದರಿದ ಹುಡುಗಿಯ ಹೊಲಿಗೆಗೂ ಹೆದರಿದ ಹೆಂಗಸಿನ ಹೊಲಿಗೆಗೂ ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆಕೆ ನನ್ನನ್ನೇ ನೋಡುತ್ತಿದ್ದರು.

"ಒಂದೇ ಕೈ ಸ್ವಾಮಿ" ಎಂದೆ.

"ಸಂಜೆ ಬಸ್ಸಿಗೆ ಊರು ಬಿಟ್ಟಿರ್ಬೇಕು" ಎಂದು ಹೇಳಿ ಆತ ಹೋದ. ಆಕೆ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ನನ್ನ ತಂಗಿಯ ಮಗಳ ಕೈಗಿಟ್ಟು ಬಸ್ಸು ಹತ್ತಿದರು.

ಹುಡುಗಿ ಆ ಕೆಲಸ ಬಿಟ್ಟಿದ್ದಾಳೆ. ಭಾನುವಾರ ಹಿಂದಿನ ಕೋಣೆಯಲ್ಲಿ ಡಬ್ಬಿ ತೆರೆಯುತ್ತಾಳೆ. ಬಾಗಿಲು ಸದ್ದಾದರೆ ಈಗ ಬೆಚ್ಚುವವನು ನಾನು. ಬೆಚ್ಚಿದಾಗಲೆಲ್ಲ ಅವಳ ಕೈ ನೋಡುತ್ತೇನೆ. ಹತ್ತೂ ಬೆರಳು ನೆಟ್ಟಗಿವೆ. ಅದಕ್ಕೆ ನಾನು ಟೀಚರಮ್ಮನಿಗೆ ಋಣಿ.