ಬೆವರು ಕುಡಿದ ಸ್ವೆಟರ್

ಎಪ್ಪತ್ತೈದರ ಚಳಿಗಾಲ, ಎಳ್ಳಮಾವಾಸ್ಯೆಯ ಮರುದಿನ, ಇಂಡಿ ಪಟ್ಟಣದ ಅಡತಿ ಅಂಗಡಿಯ ಕಾಟಾದ ಮೇಲೆ ನಿಂತ ನಮ್ಮಣ್ಣ ಸಿದ್ದಪ್ಪನ ತೂಕ ಹೆಚ್ಚಾಗಿತ್ತು. ಶಾಲಾ ಹುಡುಗರ ಜಿಲ್ಲಾ ಕುಸ್ತಿ ಹತ್ತಿರ ಬಂದಿತ್ತು. ತೂಕ ಇಳಿಯದಿದ್ದರೆ ಅವನು ತನ್ನ ತೂಕದ ಗುಂಪಿನಲ್ಲಿ ಆಡುವಂತಿರಲಿಲ್ಲ. ಶಾಲೆಯಲ್ಲಿ ಅದು ಅವನ ಕೊನೆಯ ವರ್ಷ.

"ಹೊಲದಾಗ ಕುಂತು ಶೇಂಗಾ ಹೋಳಿಗಿ ಹೊಡದ್ಯಲ್ಲ, ಈಗ ಕಾಟಾ ಹೇಳಾಕತ್ತೈತಿ ನೋಡು" ಎಂದು ಹಮಾಲರು ನಕ್ಕರು.

ಆಗಿನ ದಿನಗಳಲ್ಲಿ ನಮ್ಮ ಕಡೆ ಚಳಿಗೆ ಕಂಬಳಿಯೇ ಗತಿ. ಸ್ವೆಟರ್ ಇದ್ದ ಮನೆಗಳು ಕಡಿಮೆ. ಅವ್ವ ದವಾಖಾನೆಯ ನರ್ಸಬಾಯಿಯ ಹತ್ತಿರ ಹೆಣಿಗೆ ಕಲಿತು, ಬೂದು ಉಣ್ಣೆಯದೊಂದನ್ನು ಅಣ್ಣನಿಗೆ ಹೆಣೆದಿದ್ದಳು. ಬೆಳಗಿನ ಜಾವ ಗರಡಿಗೆ ಹೋಗುವ ಮಗನಿಗೆ ಥಂಡಿ ಹತ್ತಬಾರದು ಎಂದು.

ಗರಡಿಯೊಳಗೆ ಹೆಣ್ಣುಮಕ್ಕಳು ಹೋಗುವಂತಿರಲಿಲ್ಲ. ನಾನು ಹೊಸ್ತಿಲ ಹೊರಗೆ ನಿಂತು ನೋಡುತ್ತಿದ್ದೆ. ಎಣ್ಣೆ, ಮಜ್ಜಿಗೆ, ಅರಿಷಿಣ ಕಲೆಸಿದ ಕೆಂಪು ಮಣ್ಣಿನ ವಾಸನೆ ಓಣಿಯವರೆಗೂ ಬರುತ್ತಿತ್ತು. ಕುಸ್ತಿ ಕಲಿಸುತ್ತಿದ್ದ ವಸ್ತಾದ ಹುಸೇನಸಾಬರದು ಒಂದು ಕಟ್ಟುನಿಟ್ಟು: ಬೆವರನ್ನು ಬಟ್ಟೆಯಿಂದ ಒರೆಸಬಾರದು. ಮೈಗೆ ಮಣ್ಣು ತಿಕ್ಕಿಕೊಂಡು, ಅದನ್ನು ಕೈಯಿಂದ ಕೆರೆದು ಮತ್ತೆ ಅಖಾಡಕ್ಕೇ ಬಿಡಬೇಕು. "ಬೆವರು ಮಣ್ಣಿಂದು. ಅರಬಿಗಿ ಕೊಡಬ್ಯಾಡ್ರಿ" ಎನ್ನುತ್ತಿದ್ದರು.

ತೂಕ ಇಳಿಸುವ ದಾರಿ ಹೇಳಿದವರು ಶಾಲೆಯ ಡ್ರಿಲ್ ಮಾಸ್ತರರು. ನಮ್ಮ ಕಟ್ಟೆಯ ಮೇಲೆ ಕೂತು ಅಣ್ಣನ ಸ್ವೆಟರ್ ಕಡೆ ಬೆರಳು ಮಾಡಿದರು.

"ಅದರ ಹೆಸರ ಹೇಳತೈತಲ್ಲೋ. ಸ್ವೆಟ್ ಅಂದ್ರ ಬೆವರು. ವಿಲಾಯತಿಯೊಳಗ ಮೊದಲ ಓಡಾವ್ರು ತೂಕಾ ಇಳಸಾಕ ಇಂಥಾ ದಪ್ಪ ಅರಬಿ ಹಾಕೋತಿದ್ರು. ಕುದರಿಗೂ ಹೊಚ್ಚತಿದ್ರು."

"ನಾ ಹೆಣದದ್ದು ನನ್ನ ಮಗಾ ಬೆಚ್ಚಗಿರಲಿ ಅಂತ್ರಿ, ಸರ. ಕುದರಿಗಲ್ಲ" ಎಂದಳು ಅವ್ವ.

"ಹೆಸರು ನಾ ಇಟ್ಟಿಲ್ಲ ಯವ್ವಾ. ಇಂಗ್ಲೀಷರು ಇಟ್ಟಾರ."

ಮಾಸ್ತರರು ಹೇಳಿದ್ದು ಸರಿ ಇತ್ತು. ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ ನಿಘಂಟು ತೆಗೆದು ನೋಡಿದೆ. ಆ ಮಾತು ಮೊದಲು ಬೆವರು ಸುರಿಸಿ ದುಡಿಯುವವನಿಗೆ ಇತ್ತು. ಮುಂದೆ ತೂಕ ಇಳಿಸುವ ಬಟ್ಟೆಗೂ, ಆಳುಗಳನ್ನು ಹಿಂಡಿ ದುಡಿಸುವ ಧಣಿಗೂ ಬಂತು. ಉಣ್ಣೆಯ ಅಂಗಿಗೆ ಬಂದದ್ದು ಆಮೇಲೆ.

ಅಣ್ಣ ವಸ್ತಾದರಿಗೆ ತಿಳಿಯದಂತೆ, ಮಧ್ಯಾಹ್ನದ ಬಿಸಿಲಲ್ಲಿ ಸ್ವೆಟರ್ ತೊಟ್ಟು, ಮೇಲೆ ಕಂಬಳಿ ಸುತ್ತಿಕೊಂಡು ಸಾಲೋಟಗಿ ರಸ್ತೆಯಲ್ಲಿ ಓಡತೊಡಗಿದ. ನೀರು ಬಿಟ್ಟ.

"ಒಂದ ಗುಟುಕರೆ ಕುಡಿಯೋ ಯಪ್ಪಾ" ಎಂದು ಅವ್ವ ತಂಬಿಗೆ ಹಿಡಿದು ಹಿಂದೆ ಹಿಂದೆ ತಿರುಗಿದಳು.

"ಗುಟುಕೂ ತೂಗತೈತಿ ಬೇ" ಎಂದ.

ಕುಸ್ತಿಯ ಹಿಂದಿನ ದಿನ ಕಾಟಾ ಒಪ್ಪಿತು. ರಾತ್ರಿ ಉಂಡರೆ ಮತ್ತೆ ಏರೀತೆಂದು ಅಣ್ಣ ಇನ್ನೊಮ್ಮೆ ಓಡಿದ. ಜೋಳದ ಹೊಲದ ಬದುವಿನಲ್ಲಿ ಬಿದ್ದಿದ್ದವನನ್ನು ಯಾರೋ ಚಕ್ಕಡಿಯಲ್ಲಿ ಹಾಕಿಕೊಂಡು ಬಂದರು. ಮೈ ಕಾದ ಹಂಚಾಗಿತ್ತು. ಬಿಜಾಪುರದ ದವಾಖಾನೆಯಲ್ಲಿ ಜೀವ ಉಳಿಯಿತು. ಮೂತ್ರಪಿಂಡಕ್ಕೆ ಪೆಟ್ಟಾಗಿದೆ, ಇನ್ನು ಅಖಾಡಕ್ಕೆ ಇಳಿಯಬಾರದು ಎಂದರು ಡಾಕ್ಟರು.

ಅಣ್ಣನನ್ನು ಮನೆಗೆ ಕರೆತಂದ ದಿನ ವಸ್ತಾದರು ಬಂದರು. ಬೈಯುತ್ತಾರೆಂದು ನಾವು ಕಾದೆವು. ಹೊರಸಿನ ಮೇಲಿದ್ದ ಅಣ್ಣನ ತಲೆ ಸವರಿ ಹಿತ್ತಲಿಗೆ ಬಂದರು. ಅವ್ವ ಬಕೆಟ್ಟಿನಲ್ಲಿ ಸ್ವೆಟರ್ ನೆನೆಹಾಕಿದ್ದಳು.

"ತಂಗಿ, ಸಾಬಾಣ ಹಚ್ಚಿದೇನು?"

"ಇನ್ನಾ ಇಲ್ರಿ ಅಣ್ಣಾರ."

"ಹಚ್ಚಬ್ಯಾಡ. ನೀರೂ ಚೆಲ್ಲಬ್ಯಾಡ. ಹುಡುಗನ ಬೆವರು ಐತಿ ಅದರಾಗ. ಗರಡಿಗಿ ಸಲ್ಲಬೇಕಾದ್ದು."

ಅವ್ವ ಸ್ವೆಟರನ್ನು ಬಿಗಿಯಾಗಿ ಹಿಂಡಿದಳು. ಆ ನೀರನ್ನು ಕೊಡಕ್ಕೆ ಸುರಿದು ನನ್ನ ಸೊಂಟಕ್ಕೆ ಏರಿಸಿದಳು. ನಾನು ಗರಡಿಯ ಹೊಸ್ತಿಲವರೆಗೆ ಹೊತ್ತೆ. ಅಲ್ಲಿಂದ ವಸ್ತಾದರು ಇಸಕೊಂಡು, ಅಖಾಡದ ತುಂಬ ಚಿಮುಕಿಸಿ, ಗುದ್ದಲಿ ಹಿಡಿದು ತಾವೇ ಮಣ್ಣು ಮಗುಚಿದರು. ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ಅಂದು ಯಾರೂ ಕುಸ್ತಿಗೆ ಇಳಿಯಲಿಲ್ಲ.

ಹುಸೇನಸಾಬರು ಈಗಿಲ್ಲ, ಅವ್ವನೂ ಇಲ್ಲ. ಸ್ವೆಟರುಗಳು ಈಗ ಬಜಾರಿನಲ್ಲಿ ರಾಶಿರಾಶಿ ಸಿಗುತ್ತವೆ. ಸೂಜಿ ಹಿಡಿದು ಹೆಣೆಯುವವರು ನಮ್ಮ ಓಣಿಯಲ್ಲಿ ಯಾರೂ ಉಳಿದಿಲ್ಲ. ಕಳೆದ ಚಳಿಗಾಲ ಗರಡಿಗೆ ಸಿಮೆಂಟಿನ ನೆಲ ಹಾಕಿ ವ್ಯಾಯಾಮದ ಯಂತ್ರಗಳನ್ನು ತಂದಿಟ್ಟರು. ಅಖಾಡದ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಒಯ್ದು ಸಾಲೋಟಗಿ ರಸ್ತೆಯ ಬದಿಯ ತಗ್ಗಿಗೆ ಸುರಿದರು. ಅಣ್ಣ ಹೋಗಿ ನೋಡಿಬಂದ.