ಗೆದ್ದಲಿಗೆ ತಂದ ಬೂಷ್ಟು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿರಬಹುದು. ಗಾಳಿಬೀಡಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನಾನು ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದೆ. ಕೂಲಿಯವರ ಲೈನ್ ಮನೆಗಳ ತೊಲೆಗಳಿಗೆಲ್ಲ ಗೆದ್ದಲು ಹಿಡಿದಿತ್ತು. ಆಗ ಬಯಲುಸೀಮೆಯ ಕಡೆಯಿಂದ ಕೀಟಗಳ ಆಫೀಸರೊಬ್ಬರು ಬಂದರು. ಅವರ ಪೆಟ್ಟಿಗೆಯ ತುಂಬ ಬಾಟಲಿಗಳು. ಬಾಟಲಿಯೊಳಗೆ ಬೆಂದ ಅನ್ನ, ಅನ್ನದ ಮೇಲೆ ಹಸಿರು ಬೂಷ್ಟು.

“ಇದು ಗೆದ್ದಲಿಗೆ ಬರೋ ಕಾಯಿಲೆ. ಹುತ್ತದೊಳಗೆ ಹಾಕಿದ್ರೆ ಒಂದರಿಂದ ಒಂದಕ್ಕೆ ಅಂಟುತ್ತೆ. ಮನುಷ್ಯರಿಗೆ ಏನೂ ಆಗಲ್ಲ,” ಎಂದರು.

ಹಾಗೆಂದವರು ಬಾಟಲಿ ತೆರೆಯುವ ಮುಂಚೆ ಮೂಗಿಗೆ ಬಟ್ಟೆ ಕಟ್ಟಿಕೊಂಡರು. ಪಕ್ಕದಲ್ಲಿದ್ದ ಮೇಸ್ತ್ರಿ, “ಏನೂ ಆಗದಿದ್ರೆ ಆ ಬಟ್ಟೆ ಎಂತಕ್ಕೆ ರೈಟರೇ?” ಎಂದು ಪಿಸುಗುಟ್ಟಿದ. ನನಗೂ ಅದೇ ಅನುಮಾನ.

ಲೈನಿನ ಸುತ್ತಲಿದ್ದ ಮೂರು ಹುತ್ತಗಳಿಗೆ ತೂತು ಕೊರೆದು ಬೂಷ್ಟಿನ ಪುಡಿ ಸುರಿದು, ತಿಂಗಳು ಬಿಟ್ಟು ಬರುತ್ತೇನೆಂದು ಅವರು ಹೋದರು. ವಾರದೊಳಗೆ ನಮ್ಮ ಹಸು ಕೆಮ್ಮತೊಡಗಿತು. ಅದು ಮೇಯುತ್ತಿದ್ದುದು ಮೂರನೆಯ ಹುತ್ತದ ಬದಿಯಲ್ಲೇ. ಹೆಂಡತಿ ಅವತ್ತಿನ ಹಾಲನ್ನು ಮಗುವಿಗೆ ಕೊಡದೆ ಚೆಲ್ಲಿದಳು.

“ಗೆದ್ದಲು ಯಾವುದು, ಹಸು ಯಾವುದು ಅಂತ ಕಾಯಿಲೆಗೆ ಗೊತ್ತಾಗ್ತದಾ?” ಎಂದಳು.

ಮರುದಿನ ಯಾರಿಗೂ ಹೇಳದೆ ಸ್ಟೋರಿನಿಂದ ಕಾಫಿ ಗಿಡದ ಹುಳ ಕೊಲ್ಲಲು ಇಟ್ಟಿದ್ದ ಬಿ.ಎಚ್.ಸಿ. ವಿಷದ ಪುಡಿ ತಂದೆ. ನೀರಿನಲ್ಲಿ ಕದಡಿ, ಬೂಷ್ಟು ಸಾಯಲಿ ಎಂದು ಎರಡು ಬಕೆಟ್ ಆ ಹುತ್ತಕ್ಕೆ ಹೊಯ್ದೆ.

ಆಫೀಸರು ಹೇಳಿದ ದಿನಕ್ಕೇ ಬಂದರು. ಮೊದಲ ಎರಡು ಹುತ್ತಗಳನ್ನು ಅಗೆಸಿದರೆ ಗೆದ್ದಲು ಎಂದಿನಂತೆ ಹರಿದಾಡುತ್ತಿತ್ತು. ಬೂಷ್ಟು ಹಿಡಿದು ಸತ್ತವುಗಳಿದ್ದ ಮೂಲೆಗೆ ಉಳಿದವು ಮಣ್ಣಿನ ಗೋಡೆ ಕಟ್ಟಿ ಮುಚ್ಚಿದ್ದವು. “ಇವಕ್ಕೆ ಗೊತ್ತಾಗಿಬಿಟ್ಟಿದೆ,” ಎಂದು ಅವರು ಸಪ್ಪಗಾದರು.

ಮೂರನೆಯದರಲ್ಲಿ ಒಂದು ಜೀವವೂ ಉಳಿದಿರಲಿಲ್ಲ. ಮಣ್ಣಿನಲ್ಲಿ ಮಂಡಿಯೂರಿದ್ದ ಅವರ ಮುಖ ಅರಳಿತು. “ನೋಡಿ ರೈಟರೇ, ಇಲ್ಲಿ ಕೆಲಸ ಮಾಡಿದೆ!” ಎನ್ನುತ್ತ ನೋಟ್‌ಬುಕ್ ತೆಗೆದು ಬರೆಯತೊಡಗಿದರು.

ನಾನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇಲ್ಲದ್ದನ್ನು ನಂಬಿ ಅವರು ಪಡುತ್ತಿದ್ದ ಆ ಸಂತೋಷ ನೋಡಲಾಗಲಿಲ್ಲ.

“ಸಾರ್, ಅದು ನಿಮ್ಮ ಬೂಷ್ಟಿನಿಂದ ಸತ್ತದ್ದಲ್ಲ. ನಾನು ಬಿ.ಎಚ್.ಸಿ. ಹೊಯ್ದಿದ್ದೆ.”

“ಯಾಕೆ?”

“ನಿಮ್ಮ ಮಾತು ನಂಬ್ಲಿಕ್ಕೆ ಆಗಲಿಲ್ಲ ಸಾರ್.”

ಅವರು ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಬರೆದಿದ್ದ ಸಾಲುಗಳ ಮೇಲೆ ನಿಧಾನವಾಗಿ ಗೀಟು ಎಳೆದರು. ಆಮೇಲೆ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತರು. ನಾನೇ ಕಾಫಿ ತಂದುಕೊಟ್ಟೆ. ಅವರು ಲೋಟದೊಳಗೆ ಒಂದು ಕ್ಷಣ ನೋಡಿದರು, ನನ್ನ ಮುಖವನ್ನೂ ನೋಡಿದರು, ಆಮೇಲೆ ಕುಡಿದರು.